ದುಭಾಷಿಯ ಕೂಲಿ

ತಿಕೋಟಾದ ಒಣದ್ರಾಕ್ಷಿ ವರ್ತಕನೊಬ್ಬನು ತನ್ನ ಲೆಕ್ಕವನ್ನೆಲ್ಲ ಗಣಕಯಂತ್ರಕ್ಕೆ ಒಪ್ಪಿಸಿದ್ದನೆಂದು ಭಾವಿಸಿರಿ. ಮಾಲು ವಿಜಾಪುರ ತಾಲೂಕಿನದಾದರೆ ಸಾಗಣೆಗೆ ಒಂದು ದರ, ಹೊರಗಿನದಾದರೆ ಇನ್ನೊಂದು. ಈ ನಿಯಮವನ್ನು ಕಾರ್ಯಕ್ರಮ ಬರೆದವನು ಅದರ ಒಡಲಿನಲ್ಲಿಯೇ ಹೊಲಿದುಬಿಟ್ಟಿದ್ದನು. 2014ರ ನವೆಂಬರ್ 1ರಂದು ವಿಜಾಪುರವು ವಿಜಯಪುರವಾಯಿತು. 2017ರ ಮುಂಗಡಪತ್ರದಲ್ಲಿ ಹೊಸ ತಾಲೂಕುಗಳ ಘೋಷಣೆಯಾಗಿ, ತಿಕೋಟಾ, ಬಬಲೇಶ್ವರಗಳೆರಡೂ ಆ ತಾಲೂಕಿನಿಂದ ಬೇರ್ಪಟ್ಟವು. ಎರಡು ಸಲವೂ ಹೊಲಿಗೆ ಬಿಚ್ಚಬೇಕಾಯಿತು, ಬಿಚ್ಚಬಲ್ಲವನು ಊರಿನಲ್ಲಿರಲಿಲ್ಲ. ಮಾಲು ತೂಗಿಸಿದ ರೈತನು ಪಟ್ಟಿ ಕೈಸೇರದೆ ಅಂಗಡಿಯ ಕಟ್ಟೆಯ ಮೇಲೆ ಕುಳಿತನು.

ಇದಕ್ಕೆ ಉಪಾಯವಿಲ್ಲದಿಲ್ಲ. ನಿಯಮವನ್ನು ಕಾರ್ಯಕ್ರಮದೊಳಗೆ ಹೂಳದೆ, ದರಪಟ್ಟಿಯಂತೆ ಕೋಷ್ಟಕದಲ್ಲಿ ಬರಹವಾಗಿರಿಸಿ, ಬೇಕಾದಾಗ ಯಂತ್ರಕ್ಕೆ ಓದಿಸುವುದು. ಆಗ ಗುಮಾಸ್ತನೇ ತಿದ್ದಬಹುದು.

ಆದರೆ ಯಂತ್ರಕ್ಕೆ ಬರಹ ನೇರವಾಗಿ ಅರ್ಥವಾಗದು. ಪದ ಬಿಡಿಸಿ, ಅನ್ವಯ ಮಾಡಿ, ತನ್ನ ನುಡಿಗೆ ತಿರುಗಿಸಿಕೊಂಡ ಬಳಿಕವೇ ಲೆಕ್ಕ. ಒಂದು ಪಟ್ಟಿಗಾದರೆ ಈ ದುಭಾಷಿಯ ಕೂಲಿ ಯಾರ ಗಮನಕ್ಕೂ ಬಾರದು. ಹತ್ತು ಸಾವಿರ ಪಟ್ಟಿಗಳಿಗೆ ಅದೇ ವಾಕ್ಯವನ್ನು ಹತ್ತು ಸಾವಿರ ಸಲ ಅನುವಾದಿಸಹೊರಟರೆ, ಗುಣಾಕಾರಕ್ಕಿಂತ ಅನುವಾದಕ್ಕೇ ಹೆಚ್ಚು ಹೊತ್ತು ಸಂದುಹೋಗುವುದು.

ಫಾಕ್ಸ್‌ಪ್ರೊ ಭಾಷೆಯನ್ನು ಕಲಿತವರು ಇದನ್ನು ಬಲ್ಲರು. ಅದರಲ್ಲಿ ‘ಮ್ಯಾಕ್ರೊ’ ಎಂಬುದೊಂದು ದಾರಿ, ‘ಇವ್ಯಾಲ್ಯುಯೇಟ್’ ಎಂಬುದು ಇನ್ನೊಂದು. ಎರಡನೆಯದೇ ವೇಗವಾದುದೆಂದು, ಸಾಧ್ಯವಾದಲ್ಲೆಲ್ಲ ಅದನ್ನೇ ಬಳಸಬೇಕೆಂದು ಕೈಪಿಡಿಯ ಸಲಹೆ. ಇಲ್ಲೊಂದು ವಿನೋದವುಂಟು. ಸಾಲುಸಾಲಾಗಿ ಲೆಕ್ಕ ನೋಡುವ ಆವರ್ತನೆಯ ತಲೆಬಾಗಿಲಿನಲ್ಲಿ ಮ್ಯಾಕ್ರೊವನ್ನು ನಿಲ್ಲಿಸಿದರೆ ಅದು ಒಮ್ಮೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಇವ್ಯಾಲ್ಯುಯೇಟ್ ಆದರೋ ಪ್ರತಿ ಸಾಲಿಗೂ ದುಡಿಯಬೇಕು. ನಿಧಾನಿಯೆನಿಸಿಕೊಂಡದ್ದೇ ಮುಂದಾಗುವ ಸಂದರ್ಭವಿದು! ನಡುವೆ ನಿಯಮದ ಬರಹ ಬದಲಾದರೂ ಆ ಆವರ್ತನೆ ಕಿವಿಗೊಡದೆಂಬುದು ಅದಕ್ಕೆ ತೆರುವ ಬೆಲೆ.

ದೊಡ್ಡ ದತ್ತಸಂಚಯಗಳು ಒಮ್ಮೆ ಮಾಡಿದ ಅನುವಾದವನ್ನು ಕಾದಿರಿಸಿಕೊಂಡು ಮತ್ತೆಮತ್ತೆ ಬಳಸುತ್ತವೆ. ಊರಿನ ಹೆಸರನ್ನು ವಾಕ್ಯದೊಳಗೇ ಅಂಟಿಸಿ ಕಳುಹಿಸುವ ಅವಸರದ ಕೆಲಸಗಾರನು ಈ ಅನುಕೂಲವನ್ನು ಸಾಮಾನ್ಯವಾಗಿ ಕಳೆದುಕೊಳ್ಳುತ್ತಾನೆ: ಒಂದೊಂದು ಊರಿಗೂ ಒಂದೊಂದು ಹೊಸ ವಾಕ್ಯ, ಹೊಸ ಅನುವಾದ. ಅಷ್ಟೇ ಅಲ್ಲ, ಹೆಸರಿನ ಸ್ಥಳದಲ್ಲಿ ಕಿಡಿಗೇಡಿಯೊಬ್ಬನು ಆಜ್ಞೆಯನ್ನೇ ಬರೆದರೆ ಯಂತ್ರವು ಅದನ್ನೂ ಶಿರಸಾವಹಿಸಿ ನಡೆಸಬಹುದು. ವಾಕ್ಯದಲ್ಲಿ ಜಾಗವನ್ನಷ್ಟೇ ಬಿಟ್ಟು, ಹೆಸರನ್ನು ಬೇರೆಯಾಗಿ ಒಪ್ಪಿಸಿದರೆ ಎರಡು ಕಾಟವೂ ತಪ್ಪುತ್ತದೆ.

ತಿಕೋಟಾದ ವರ್ತಕನಿಗೂ ಹಂಗಾಮಿಗೊಂದು ಅನುವಾದವೇ ಸಾಕು. ಬಬಲೇಶ್ವರದ ಮಾಲಿಗೆ ದರ ಬದಲಾದ ದಿನ ಗುಮಾಸ್ತನು ಕೋಷ್ಟಕದ ಸಾಲನ್ನು ತಿದ್ದಿ, ಕಾದಿರಿಸಿದ ಹಳೆಯ ಅನುವಾದವನ್ನು ತೆಗೆದುಹಾಕಿಸಬೇಕು. ಮರೆತನೋ, ರೈತನ ಕೈಗೆ ಪಟ್ಟಿ ಕ್ಷಣದಲ್ಲೇ ಬರುವುದು, ಆದರೆ ಹಳೆಯ ದರದಲ್ಲಿ.