ತೂಕದ ಯಂತ್ರ ‘ಕೊಬ್ಬು ಶೇ. 28’ ಎಂದರೆ ನಂಬಬಹುದೇ? ದೇಹದ ಕೊಬ್ಬು ಅಳೆಯುವ ವಿಧಾನಗಳ ಸತ್ಯಾಸತ್ಯತೆ

ಫ್ಯಾಮಿಲಿ ಗ್ರೂಪುಗಳಲ್ಲಿ ಈಗ ಹೊಸ ಬಗೆಯ ಸ್ಕ್ರೀನ್‌ಶಾಟ್‌ಗಳು ಓಡಾಡುತ್ತಿವೆ. ಬರಿಗಾಲಲ್ಲಿ ಸ್ಮಾರ್ಟ್ ತೂಕದ ಯಂತ್ರದ ಮೇಲೆ ನಿಂತರೆ ಸಾಕು, ಮೊಬೈಲ್ ಆ್ಯಪ್ ದೊಡ್ಡ ಪಟ್ಟಿಯನ್ನೇ ಕೊಡುತ್ತದೆ: ದೇಹದ ಕೊಬ್ಬು ಶೇ. 28.3, ಸ್ನಾಯು ಇಷ್ಟು, ಮೂಳೆ ಇಷ್ಟು, ‘ದೇಹದ ವಯಸ್ಸು’ 47. ಅದನ್ನು ನೋಡಿ ಒಬ್ಬರು ರಾತ್ರಿ ಊಟ ಬಿಡುತ್ತಾರೆ. ಇನ್ನೊಬ್ಬರು ‘ನಾರ್ಮಲ್’ ಎಂಬ ಹಸಿರು ಬಣ್ಣ ಕಂಡು ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನು ಮುಂದೂಡುತ್ತಾರೆ. ಇಬ್ಬರೂ ಎಡವುತ್ತಿರಬಹುದು. ಏಕೆಂದರೆ ದಶಮಾಂಶದವರೆಗೆ ಕಾಣುವ ಆ ಸಂಖ್ಯೆ ನಾವು ಅಂದುಕೊಂಡಷ್ಟು ಖಚಿತವಲ್ಲ.

ಯಾವ ಯಂತ್ರವೂ ಕೊಬ್ಬನ್ನು ನೇರವಾಗಿ ತೂಗುವುದಿಲ್ಲ

ದೇಹದ ಕೊಬ್ಬನ್ನು ನಿಜವಾಗಿ ತೂಗಬೇಕಾದರೆ ದೇಹವನ್ನು ಬಿಡಿಸಿ, ಕೊಬ್ಬನ್ನು ಬೇರ್ಪಡಿಸಿ ತಕ್ಕಡಿಗೆ ಹಾಕಬೇಕು. 1980ರ ಆಸುಪಾಸಿನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ವಿಜ್ಞಾನಿಗಳು 25 ಶವಗಳ ಮೇಲೆ ಇದೇ ಕೆಲಸ ಮಾಡಿದ್ದರು. ಬದುಕಿರುವವರ ಮೇಲೆ ಅದು ಸಾಧ್ಯವಿಲ್ಲ. ಹಾಗಾಗಿ ಎಲ್ಲ ವಿಧಾನಗಳೂ ಬೇರೆ ಏನನ್ನೋ ಅಳೆದು, ಸೂತ್ರದ ಮೂಲಕ ಕೊಬ್ಬನ್ನು ಅಂದಾಜು ಮಾಡುತ್ತವೆ. ಅಳತೆ ಸರಿಯಿದ್ದರೂ ಸೂತ್ರ ನಿಮಗೆ ಹೊಂದದಿದ್ದರೆ ಉತ್ತರ ತಪ್ಪಾಗುತ್ತದೆ.

ಮನೆಯ ಸ್ಮಾರ್ಟ್ ಯಂತ್ರ ಏನು ಮಾಡುತ್ತದೆ?

ಇದು ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಅತಿ ಸಣ್ಣ ವಿದ್ಯುತ್ ಹರಿಸುತ್ತದೆ. ನೀರು ಹೆಚ್ಚಿರುವ ಸ್ನಾಯುವಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಕೊಬ್ಬು ಅದನ್ನು ತಡೆಯುತ್ತದೆ. ಈ ತಡೆಯಿಂದ ದೇಹದ ನೀರಿನ ಪ್ರಮಾಣವನ್ನು ಊಹಿಸುತ್ತಾರೆ. ಕೊಬ್ಬಿಲ್ಲದ ಭಾಗದಲ್ಲಿ ಸುಮಾರು ಶೇ. 73ರಷ್ಟು ನೀರಿರುತ್ತದೆ ಎಂದು ಲೆಕ್ಕ ಹಾಕಿ, ಉಳಿದದ್ದನ್ನು ಕೊಬ್ಬು ಎನ್ನುತ್ತಾರೆ. ಇದಕ್ಕೆ ನೀವು ಆ್ಯಪ್‌ನಲ್ಲಿ ತುಂಬಿದ ಎತ್ತರ, ವಯಸ್ಸು, ಲಿಂಗವೂ ಸೇರುತ್ತವೆ. ‘ಅಥ್ಲೀಟ್ ಮೋಡ್’ ಒತ್ತಿದರೆ ಸಂಖ್ಯೆ ಥಟ್ಟನೆ ಇಳಿಯುವುದು ಇದಕ್ಕೇ. ಬದಲಾದದ್ದು ನಿಮ್ಮ ದೇಹವಲ್ಲ, ಸೂತ್ರ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಪಾದದಿಂದ ಪಾದಕ್ಕೆ ಹೋಗುವ ವಿದ್ಯುತ್ ಮುಖ್ಯವಾಗಿ ಕಾಲುಗಳಲ್ಲೇ ಸುತ್ತಿ ಬರುತ್ತದೆ, ಹೊಟ್ಟೆಯ ವಿಷಯ ಹೆಚ್ಚಾಗಿ ಊಹೆ. ಎರಡನೆಯದು ನೀರು. ಉದಾಹರಣೆಗೆ, 70 ಕಿಲೋ ತೂಕದವರಲ್ಲಿ ಕೊಬ್ಬು ಶೇ. 25, ಅಂದರೆ 17.5 ಕಿಲೋ ಎಂದುಕೊಳ್ಳಿ. ಅವರು ಒಂದು ಲೀಟರ್ ನೀರು ಕುಡಿದು ತಕ್ಷಣ ಯಂತ್ರ ಹತ್ತಿದರೆ ತೂಕ 71 ಕಿಲೋ. ಹೊಟ್ಟೆಯಲ್ಲಿರುವ ಆ ನೀರನ್ನು ವಿದ್ಯುತ್ ಅಷ್ಟಾಗಿ ಗುರುತಿಸುವುದಿಲ್ಲ. ಆ ಇಡೀ ಕಿಲೋ ಕೊಬ್ಬಿನ ಲೆಕ್ಕಕ್ಕೆ ಹೋದರೆ ಉತ್ತರ ಶೇ. 26 ಆಗುತ್ತದೆ. ನೀರು ಕುಡಿದು ಕೊಬ್ಬು ಏರಿದಂತಾಯಿತು! ದೇಹ ಒಣಗಿದ್ದಾಗಲೂ ತಡೆ ಹೆಚ್ಚಾಗಿ ಕೊಬ್ಬು ಜಾಸ್ತಿ ತೋರಬಹುದು. ವ್ಯಾಯಾಮ ಮುಗಿಸಿ ಮೈ ಬಿಸಿಯಿದ್ದಾಗ ಕಡಿಮೆ ತೋರಬಹುದು.

ಜಿಮ್‌ಗಳಲ್ಲಿ ಕೈಯಲ್ಲೂ ಹಿಡಿಕೆ ಹಿಡಿದು ನಿಲ್ಲುವ ಯಂತ್ರಗಳು ಸ್ವಲ್ಪ ವಾಸಿ. ಕೈ, ಕಾಲು, ಮುಂಡ ಎಲ್ಲದರ ಮೂಲಕ ವಿದ್ಯುತ್ ಹಾಯುತ್ತದೆ. ಆದರೆ ಅವೂ ನೀರನ್ನೇ ನೆಚ್ಚಿಕೊಂಡಿವೆ. ಇನ್ನು ‘ದೇಹದ ವಯಸ್ಸು’ ಕೂಡ ಇವೇ ಅಂಕಿಗಳಿಂದ ಕಟ್ಟಿದ ಲೆಕ್ಕವೇ ಹೊರತು ಬೇರೆ ಪರೀಕ್ಷೆಯಲ್ಲ.

ಚರ್ಮ ಹಿಡಿದು ಅಳೆಯುವುದು, ಟೇಪ್ ಸುತ್ತುವುದು

ನಮ್ಮ ಕೊಬ್ಬಿನ ಒಂದು ಪಾಲು ಚರ್ಮದ ಕೆಳಗಿರುತ್ತದೆ. ತೋಳಿನ ಮುಂದೆ, ಹಿಂದೆ, ಬೆನ್ನಿನ ಮೇಲ್ಭಾಗ, ಸೊಂಟದ ಪಕ್ಕ ಚರ್ಮವನ್ನು ಚಿಮ್ಮಟದಂಥ ಕ್ಯಾಲಿಪರ್‌ನಿಂದ ಹಿಡಿದು ದಪ್ಪ ಅಳೆಯುತ್ತಾರೆ. ಇದಕ್ಕೆ ಹೆಸರಾದ ಡರ್ನಿನ್ ಮತ್ತು ವೋಮರ್ಸ್ಲಿ ಸೂತ್ರ 1974ರದ್ದು. ಅದನ್ನು ರೂಪಿಸಿದ್ದು ಸ್ಕಾಟ್ಲೆಂಡಿನ 481 ಜನರನ್ನು ಅಳೆದು. ಅದೇ ಸೂತ್ರ ನಮ್ಮವರ ಮೈಗೂ ಹಾಗೇ ಹೊಂದಬೇಕೆಂದಿಲ್ಲ. ಪಳಗಿದ ಕೈಯಲ್ಲೂ ಶೇ. 3-4 ಅಂಶ ಆಚೀಚೆ ಆಗುವುದು ಸಾಮಾನ್ಯ. ಅನುಭವವಿಲ್ಲದವರು ಅಳೆದರೆ ಇನ್ನೂ ಹೆಚ್ಚು. ಒಳಾಂಗಗಳ ಸುತ್ತ ಕೂತ ಕೊಬ್ಬು ಕ್ಯಾಲಿಪರ್‌ಗೆ ಸಿಗುವುದೂ ಇಲ್ಲ.

ಕುತ್ತಿಗೆ, ಸೊಂಟ, ಎತ್ತರದ ಅಳತೆ ಕೇಳಿ ಉತ್ತರ ಕೊಡುವ ವೆಬ್‌ಸೈಟುಗಳು ಬಳಸುವುದು ಹೆಚ್ಚಾಗಿ ಅಮೆರಿಕದ ನೌಕಾಪಡೆಗಾಗಿ 1984ರಲ್ಲಿ ಸಿದ್ಧವಾದ ಸೂತ್ರವನ್ನು. ಖರ್ಚಿಲ್ಲದ ವಿಧಾನ, ಆದರೆ ಅಂದಾಜು ಮಾತ್ರ.

ಲ್ಯಾಬಿನ ವಿಧಾನಗಳು

ಕೊಬ್ಬು ನೀರಿನಲ್ಲಿ ತೇಲುತ್ತದೆ, ಸ್ನಾಯು ಮತ್ತು ಮೂಳೆ ಮುಳುಗುತ್ತವೆ. ಹಾಗಾಗಿ ಮನುಷ್ಯನನ್ನು ನೀರಿನಲ್ಲಿ ಮುಳುಗಿಸಿ ತೂಗಿದರೆ ಸಾಂದ್ರತೆ ಸಿಗುತ್ತದೆ, ಅದರಿಂದ ಕೊಬ್ಬಿನ ಲೆಕ್ಕ ಸಿಗುತ್ತದೆ. ಬಹುಕಾಲ ಇದನ್ನೇ ಮಾನದಂಡವಾಗಿ ಇಟ್ಟುಕೊಂಡಿದ್ದರು. ಆದರೆ ಉಸಿರು ಪೂರ್ತಿ ಬಿಟ್ಟರೂ ಶ್ವಾಸಕೋಶದಲ್ಲಿ ಸುಮಾರು ಒಂದು ಲೀಟರಿಗಿಂತ ಹೆಚ್ಚು ಗಾಳಿ ಉಳಿದಿರುತ್ತದೆ. ಅದರ ಲೆಕ್ಕ 100 ಮಿಲಿಲೀಟರ್ ತಪ್ಪಿದರೂ ಉತ್ತರ ಸುಮಾರು ಶೇ. 0.7 ಅಂಶ ಬದಲಾಗುತ್ತದೆ. ಮೂಳೆಯ ಗಟ್ಟಿತನ ಎಲ್ಲರಲ್ಲೂ ಒಂದೇ ಎಂಬ ಊಹೆಯೂ ಇದರೊಳಗಿದೆ. ವಯಸ್ಸಾದವರಲ್ಲಿ, ಮಕ್ಕಳಲ್ಲಿ ಅದು ಸರಿಹೊಂದುವುದಿಲ್ಲ.

ಈಗ ಹೆಚ್ಚು ಹೆಸರು ಕೇಳಿಬರುವುದು ಡೆಕ್ಸಾ ಸ್ಕ್ಯಾನ್. ಮೂಳೆ ಸವೆತ ಪತ್ತೆ ಮಾಡುವ ಅದೇ ಯಂತ್ರ. ಎರಡು ಬಗೆಯ ಶಕ್ತಿಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದ ಮಾಂಸಖಂಡವನ್ನು ಬೇರೆಬೇರೆಯಾಗಿ ಲೆಕ್ಕ ಹಾಕುತ್ತದೆ. ವಿಕಿರಣ ಬಹಳ ಕಡಿಮೆ, ಆದರೂ ಗರ್ಭಿಣಿಯರಿಗೆ ಮಾಡುವುದಿಲ್ಲ. ಸಾಮಾನ್ಯರಿಗೆ ಸಿಗುವ ವಿಧಾನಗಳಲ್ಲಿ ಇದು ಹೆಚ್ಚು ನಂಬಿಕೆಗೆ ಅರ್ಹ. ಹಾಗೆಂದು ಅಂತಿಮ ಸತ್ಯವೇನಲ್ಲ. ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ಒಬ್ಬರಿಗೇ ಬೇರೆ ಬೇರೆ ಉತ್ತರ ಬರಬಹುದು.

ಹಾಗಾದರೆ ಬಿಎಂಐ ಸಾಲದೇ?

ಸಾಲದು. 2004ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಫೋಟೊ ಪ್ರಕಟಿಸಿದರು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರ ಬಿಎಂಐ 22.3. ಆದರೆ ಡೆಕ್ಸಾ ಪ್ರಕಾರ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2! ನೋಡಲು ಸಣಕಲು, ಒಳಗೆ ಕೊಬ್ಬು: ಭಾರತೀಯರಲ್ಲಿ ಇದು ಸಾಮಾನ್ಯ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಅಧ್ಯಯನದಲ್ಲೂ ಇದು ಕಂಡುಬಂತು. ಇಂಗ್ಲೆಂಡಿನ ಮಕ್ಕಳಿಗಿಂತ ತೂಕ ಕಡಿಮೆಯಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಅದಕ್ಕೆ ತಕ್ಕಂತೆ ಕಡಿಮೆ ಇರಲಿಲ್ಲ. ಇದೇ ಕಾರಣಕ್ಕೆ ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು 2009ರಲ್ಲಿ ನಮ್ಮ ತಜ್ಞರು ಮಿತಿಯನ್ನು ಇಳಿಸಿದರು.

ಮನೆಯಲ್ಲಿ ಏನು ಮಾಡಬಹುದು?

• ಸ್ಮಾರ್ಟ್ ಯಂತ್ರವಿದ್ದರೆ ಎಸೆಯಬೇಡಿ. ಒಂದೇ ಯಂತ್ರ, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ ಕುಡಿಯದೆ, ಬರಿಗಾಲಲ್ಲಿ ನೋಡಿ. ದಿನದ ಏರಿಳಿತ ಬಿಟ್ಟು ಒಂದೆರಡು ತಿಂಗಳ ದಿಕ್ಕನ್ನು ಗಮನಿಸಿ.
• ಮನೆಯ ಯಂತ್ರದ ಸಂಖ್ಯೆಯನ್ನು ಜಿಮ್ಮಿನ ಯಂತ್ರದ್ದರ ಜೊತೆ ಹೋಲಿಸಬೇಡಿ. 70 ಕಿಲೋ ತೂಕದವರಿಗೆ ಒಂದು ಶೇ. 28, ಇನ್ನೊಂದು ಶೇ. 24 ಎಂದರೆ 2.8 ಕಿಲೋ ವ್ಯತ್ಯಾಸ. ಅಷ್ಟು ಕೊಬ್ಬು ಕರಗಿಲ್ಲ, ಯಂತ್ರ ಬದಲಾಗಿದೆ ಅಷ್ಟೆ.
• ಪೇಸ್‌ಮೇಕರ್ ಇರುವವರು ವಿದ್ಯುತ್ ಹರಿಸುವ ಈ ಯಂತ್ರ ಬಳಸಬಾರದು.
• ಟೈಲರ್ ಟೇಪ್ ಮರೆಯಬೇಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ, ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. ಗರ್ಭಿಣಿಯರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಟೇಪ್ ಕೊಬ್ಬಿನ ಶೇಕಡಾವಾರು ಹೇಳುವುದಿಲ್ಲ ನಿಜ. ಆದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ವಿಚಾರದಲ್ಲಿ ಕೊಬ್ಬು ಒಟ್ಟು ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಹೊಟ್ಟೆಯ ಕೊಬ್ಬನ್ನು ಪಾದದ ಕೆಳಗಿನ ಯಂತ್ರಕ್ಕಿಂತ ಸೊಂಟದ ಸುತ್ತಳತೆ ಚೆನ್ನಾಗಿ ಹೇಳಬಲ್ಲದು. ಸೊಂಟದ ಅಳತೆ ಮಿತಿ ದಾಟಿದ್ದರೆ ಆ್ಯಪ್ ಹಸಿರು ತೋರಿಸಿದರೂ ರಕ್ತದ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ. ಆ್ಯಪ್ ಕೆಂಪು ತೋರಿಸಿತೆಂದು ವೈದ್ಯರನ್ನು ಕೇಳದೆ ಊಟ ಬಿಡಬೇಡಿ. ಮುಂದಿನ ಸಲ ಗ್ರೂಪಿಗೆ ಯಾರಾದರೂ ಆ ಸ್ಕ್ರೀನ್‌ಶಾಟ್ ಹಾಕಿದರೆ, ಸೊಂಟದ ಅಳತೆ ಎಷ್ಟೆಂದು ಒಮ್ಮೆ ಕೇಳಿ ನೋಡಿ.