ಮೊಳೆ ಜೋಡಿಸಿದವನ ಹೆಸರು

ಅಮೆರಿಕದ ನೆಲದಲ್ಲಿ ಮೊಟ್ಟಮೊದಲು ಅಚ್ಚಾದ ಪೂರ್ಣ ಬೈಬಲ್ ಇಂಗ್ಲಿಷಿನದಲ್ಲ. 1663ರಲ್ಲಿ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಹೊರಬಂದ ಆ ದಪ್ಪ ಪುಸ್ತಕ ವಾಂಪನೋಆಗ್ ಮೂಲನಿವಾಸಿಗಳ ನುಡಿಯಲ್ಲಿತ್ತು. ಇಂಗ್ಲಿಷ್ ಬೈಬಲ್ ಅಚ್ಚುಹಾಕುವ ಹಕ್ಕನ್ನು ಬ್ರಿಟಿಷ್ ಅರಸೊತ್ತಿಗೆ ಬಿಟ್ಟುಕೊಡದ ಕಾರಣ ಅದರ ಸರದಿ ಬಂದದ್ದು 1782ರಲ್ಲಿ. ಹೀಗಿದ್ದರೂ ವಸಾಹತು ಕಾಲದ ಅಮೆರಿಕನ್ ಸಾಹಿತ್ಯ ಎಂದೊಡನೆ ಎಣಿಕೆಗೆ ಬರುವುದು 1620ರಲ್ಲಿ ಮೇಫ್ಲವರ್ ಹಡಗಿನಿಂದ ಇಳಿದ ವಿಲಿಯಂ ಬ್ರಾಡ್‌ಫರ್ಡ್ ಬರೆದ ಚರಿತ್ರೆ, ಪ್ಯೂರಿಟನ್ ಪಾದ್ರಿಗಳ ಪ್ರವಚನಗಳು, ಆನ್ ಬ್ರಾಡ್‌ಸ್ಟ್ರೀಟ್‌ಳ ಕವಿತೆಗಳು. ಎಲ್ಲವೂ ಇಂಗ್ಲಿಷ್. ಹುಟ್ಟಿನಿಂದಲೇ ಒಂದಕ್ಕಿಂತ ಹೆಚ್ಚು ನುಡಿಗಳಲ್ಲಿದ್ದ ಸಾಹಿತ್ಯವನ್ನು ಹೀಗೆ ಒಂದೇ ನುಡಿಗೆ ಕಟ್ಟಿಹಾಕುವುದು ತಪ್ಪು.

ಆ ಬೈಬಲ್ಲಿನ ಕೀರ್ತಿ ಸಂದದ್ದು ಪಾದ್ರಿ ಜಾನ್ ಎಲಿಯಟ್‌ನಿಗೆ. ಅವನಿಗೆ ನುಡಿ ಕಲಿಸಿ, ಅನುವಾದಕ್ಕೆ ಜೊತೆಯಾದ ಕೊಕೆನೊ, ಜಾಬ್ ನೆಸುಟನ್ ಮುಂತಾದವರನ್ನು ಈಗ ಯಾರೂ ನೆನೆಯುವುದಿಲ್ಲ. ಇವರೆಲ್ಲರಿಗಿಂತ ಕುತೂಹಲ ಹುಟ್ಟಿಸುವವನು ವಾವಾಸ್ ಎಂಬ ನಿಪ್‌ಮಕ್ ಬುಡಕಟ್ಟಿನ ಹುಡುಗ. 1659ರಲ್ಲಿ ಕೇಂಬ್ರಿಜ್‌ನಲ್ಲಿದ್ದ ಸ್ಯಾಮ್ಯುಯೆಲ್ ಗ್ರೀನ್‌ನ ಅಚ್ಚುಕೂಟಕ್ಕೆ ಕೆಲಸ ಕಲಿಯಲು ಸೇರಿದ ಅವನಿಗೆ ಕಸುಬೇ ಹೆಸರಾಯಿತು: ಜೇಮ್ಸ್ ಪ್ರಿಂಟರ್. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ, ತಿರುವುಮುರುವಾಗಿ ಸಾಲುಗೂಡಿಸುವ ಕೆಲಸ ಅದು. ವಾಂಪನೋಆಗ್ ನುಡಿಯ ಪದಗಳೋ ಮಾರುದ್ದ. ನುಡಿ ಬಾರದವನು ಜೋಡಿಸಿದರೆ ತಪ್ಪು ಹಿಡಿಯುವವರೇ ಇರುತ್ತಿರಲಿಲ್ಲ. ಎರಡನೆಯ ಆವೃತ್ತಿಯ ಕೆಲಸ ನಡೆಯುತ್ತಿದ್ದಾಗ, ಅರ್ಥ ತಿಳಿದು ಜೋಡಿಸಿ ಕರಡು ತಿದ್ದಬಲ್ಲವನು ಈ ಒಬ್ಬನೇ ಎಂದು ಎಲಿಯಟ್ ತಾನೇ ಪತ್ರ ಬರೆದು ಒಪ್ಪಿಕೊಂಡಿದ್ದ.

1675ರಲ್ಲಿ ಯುದ್ಧ ಹೊತ್ತಿಕೊಂಡಿತು. ಜಮೀನು ಕಬಳಿಸುತ್ತ ಬಂದ ವಲಸಿಗರ ವಿರುದ್ಧ ವಾಂಪನೋಆಗ್ ನಾಯಕ ಮೆಟಕಾಮ್ ಎದ್ದುನಿಂತ. ಇಂಗ್ಲಿಷರು ಅವನನ್ನು ಕರೆಯುತ್ತಿದ್ದದ್ದು ಕಿಂಗ್ ಫಿಲಿಪ್ ಎಂದು. ಕ್ರೈಸ್ತರಾಗಿದ್ದ ಮೂಲನಿವಾಸಿಗಳನ್ನೂ ನಂಬದೆ ಬಾಸ್ಟನ್ ಬಂದರಿನ ಡಿಯರ್ ದ್ವೀಪಕ್ಕೆ ಅಟ್ಟಿದರು. ಅಲ್ಲಿನ ಚಳಿ ಹಸಿವಿಗೆ ಸತ್ತವರು ಬಹಳ ಮಂದಿ. ಜೇಮ್ಸ್ ಪ್ರಿಂಟರ್‌ನ ಮೇಲೂ ಕೊಲೆಯ ಆರೋಪ ಬಂತು, ವಿಚಾರಣೆಯಲ್ಲಿ ಬಿದ್ದುಹೋಯಿತು. ಬಳಿಕ ಅವನು ಮೆಟಕಾಮ್‌ನ ಪಕ್ಷದಲ್ಲಿದ್ದ ನಿಪ್‌ಮಕ್ ಪಾಳೆಯ ಸೇರಿದ. ಮನಸಾರೆ ಹೋದನೋ, ಎಳೆದೊಯ್ದರೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

1676ರ ಫೆಬ್ರವರಿಯಲ್ಲಿ ಲ್ಯಾಂಕಾಸ್ಟರ್ ಊರಿನ ಮೇಲೆ ಮೂಲನಿವಾಸಿಗಳ ದಾಳಿಯಾಗಿ ಪಾದ್ರಿಯ ಹೆಂಡತಿ ಮೇರಿ ರೋಲೆಂಡ್‌ಸನ್ ಸೆರೆಯಾದಳು. ಗಾಯಗೊಂಡಿದ್ದ ಆರು ವರ್ಷದ ಮಗಳು ಸೆರೆಯಲ್ಲೇ ತೀರಿಕೊಂಡಳು. ಹನ್ನೊಂದು ವಾರಗಳ ಆ ಅಲೆದಾಟವನ್ನು ಮೇರಿ ಬರೆದ ಪುಸ್ತಕ 1682ರಲ್ಲಿ ಅಚ್ಚಾಗಿ ಜನಪ್ರಿಯವಾಯಿತು. ಸೆರೆಯಾಳಿನ ಕಥನ ಎಂಬ ಪ್ರಕಾರಕ್ಕೇ ಮಾದರಿಯಾಯಿತು. ಅದರಲ್ಲೊಂದು ಪ್ರಸಂಗ ಬರುತ್ತದೆ. ಮೆಟಕಾಮ್ ತನ್ನ ಹುಡುಗನಿಗೆ ಅಂಗಿ ಹೊಲಿಸಿಕೊಂಡು ಮೇರಿಗೆ ಒಂದು ಶಿಲ್ಲಿಂಗ್ ಕೊಡುತ್ತಾನೆ. ಅವಳು ಅದರಲ್ಲಿ ಕುದುರೆ ಮಾಂಸ ಕೊಳ್ಳುತ್ತಾಳೆ. ಟೋಪಿ ಹೊಲಿದುಕೊಟ್ಟಾಗ ಊಟಕ್ಕೆ ಕರೆದು, ಹುರಿದ ಗೋಧಿಯನ್ನು ಕುಟ್ಟಿ ಕರಡಿ ಕೊಬ್ಬಿನಲ್ಲಿ ಬೇಯಿಸಿದ ಎರಡು ಬೆರಳಗಲದ ರೊಟ್ಟಿ ಬಡಿಸುತ್ತಾನೆ. ಅಷ್ಟು ರುಚಿಯಾದದ್ದನ್ನು ಎಂದೂ ತಿಂದಿರಲಿಲ್ಲ ಎಂದು ಬರೆಯುವ ಮೇರಿಯೇ ಪುಟ ಪುಟದಲ್ಲೂ ಆ ಜನರನ್ನು ಕಾಡುಮೃಗಗಳೆನ್ನುತ್ತಾಳೆ. ಯುದ್ಧ ಮುಗಿದಾಗ ಮೆಟಕಾಮನ ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಏರಿಸಿದರು, ಮಗನನ್ನು ಗುಲಾಮನಾಗಿ ಮಾರಿದರು.

ಮೇರಿಯ ಬಿಡುಗಡೆಯ ಮಾತುಕತೆಗೆ ಓಲೆ ಬರೆದವರಲ್ಲಿ ಜೇಮ್ಸ್ ಪ್ರಿಂಟರ್ ಇದ್ದ. ಕ್ಷಮಾದಾನ ಪಡೆದು ಕೇಂಬ್ರಿಜ್‌ನ ಅಚ್ಚುಕೂಟಕ್ಕೆ ಮರಳಿದ ಅವನೇ ಮೇರಿಯ ಪುಸ್ತಕದ ಅಲ್ಲಿನ ಆವೃತ್ತಿಗೂ ಮೊಳೆ ಜೋಡಿಸಿದ ಎಂಬುದು ವಿದ್ವಾಂಸರ ಅಭಿಪ್ರಾಯ. ಕ್ರೈಸ್ತ ಮೂಲನಿವಾಸಿಗಳ ಮೇಲೆ ಆಕೆ ಕಾರಿದ ವಿಷವನ್ನು ಅವರಲ್ಲೊಬ್ಬನಾದ ಇವನು ಅಕ್ಷರ ಅಕ್ಷರವಾಗಿ ಕೈಯಲ್ಲಿ ಹಿಡಿದು ಸಾಲಿಗಿಟ್ಟ. ಆ ಪುಸ್ತಕವನ್ನು ಪಾಠ ಹೇಳುವವರು ಈ ಸಂಗತಿಯನ್ನು ಮೊದಲ ದಿನವೇ ಹೇಳಬೇಕು, ಅಡಿಟಿಪ್ಪಣಿಗೆ ಬಿಡಬಾರದು.

ಲ್ಯಾಂಕಾಸ್ಟರ್ ದಾಳಿ ನಡೆದ ಅದೇ ಫೆಬ್ರವರಿಯಲ್ಲಿ ಮೂಲನಿವಾಸಿಗಳು ಮೆಡ್‌ಫೀಲ್ಡ್ ಊರನ್ನು ಸುಟ್ಟಾಗ ಸೇತುವೆಯ ಬಳಿ ಒಂದು ಚೀಟಿ ಸಿಕ್ಕಿತು. ನಮಗೆ ಕಳೆದುಕೊಳ್ಳಲು ಇರುವುದು ಪ್ರಾಣವೊಂದೇ, ನಿಮಗಾದರೆ ಮನೆ, ದನಕರು ಎಲ್ಲವೂ ಇವೆ ಎಂಬುದು ಅದರ ತಾತ್ಪರ್ಯ. ಬರೆದವನು ಜೇಮ್ಸ್ ಪ್ರಿಂಟರನೇ ಇರಬೇಕೆಂದು ಹಲವರ ಊಹೆ. ಕೆಲವೇ ಸಾಲುಗಳ ಈ ಚೀಟಿ ಆ ಕಾಲದ ಯಾವ ಪ್ರವಚನಕ್ಕೂ ಕಡಿಮೆಯಲ್ಲ. ಸಂಕಲನಗಳಲ್ಲಿ ಮೇರಿಯ ಕಥನದ ಪಕ್ಕದಲ್ಲೇ ಇದಕ್ಕೂ ಜಾಗ ಸಿಗಬೇಕು.

ಮತಾಂತರಕ್ಕೆಂದು ಮಾಡಿದ ಬೈಬಲ್ ಇಂದು ಬೇರೆಯೇ ಕೆಲಸಕ್ಕೆ ಒದಗಿದೆ. ನೂರು ವರ್ಷಕ್ಕೂ ಮಿಕ್ಕಿ ಮಾತಾಡುವವರಿಲ್ಲದೆ ಹೋಗಿದ್ದ ವಾಂಪನೋಆಗ್ ನುಡಿಯನ್ನು ಮತ್ತೆ ಮನೆಮಾತಾಗಿಸಲು ಆ ಜನಾಂಗದವಳೇ ಆದ ಜೆಸ್ಸಿ ಲಿಟಲ್ ಡೋ ಬೇರ್ಡ್ 1990ರ ದಶಕದಲ್ಲಿ ಹೊರಟಾಗ ಆಧಾರವಾದದ್ದು ಎಲಿಯಟ್‌ನ ಪುಟಗಳು, ಜೊತೆಗೆ ಅವಳ ಪೂರ್ವಿಕರು ತಮ್ಮ ನುಡಿಯಲ್ಲೇ ಬರೆದಿಟ್ಟ ಜಮೀನು ಪತ್ರ, ಉಯಿಲು, ಅರ್ಜಿಗಳು. ಈ ಬರಹಗಳು 1988ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಎರಡು ಸಂಪುಟಗಳಲ್ಲಿ ಅಚ್ಚಾಗಿವೆ. ಅವನ್ನು ಭಾಷಾಶಾಸ್ತ್ರಜ್ಞರಿಗಷ್ಟೇ ಬಿಟ್ಟುಕೊಡದೆ, ಬ್ರಾಡ್‌ಫರ್ಡ್‌ನ ಚರಿತ್ರೆ ಓದುವ ಸಾಹಿತ್ಯದ ವಿದ್ಯಾರ್ಥಿಗಳೂ ಓದುವಂತಾಗಬೇಕು.