ಮೆಕ್ಕೆಜೋಳವೂ ಬಿಟ್ಟುಹೋದ ಸುಣ್ಣವೂ

ಪ್ರಯೋಗಶಾಲೆಯಲ್ಲಿ ಅರ್ಧ ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೂ ಕಾರಣ ಹುಡುಕುವ ನಾವು, ಅಡುಗೆಮನೆಯ ಕ್ರಮಗಳನ್ನು ‘ವಾಡಿಕೆ’ ಎಂಬ ಒಂದೇ ಮಾತಿನಿಂದ ತಳ್ಳಿಹಾಕುವುದುಂಟು. ಇದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲವೆಂದು ನಾವು ಭಾವಿಸುತ್ತೇವೆ. ಮೆಕ್ಸಿಕೋ ದೇಶದ ರೊಟ್ಟಿಯೊಂದನ್ನು ನೋಡೋಣ.

ತೊರ್ತಿಯಾ ಎಂಬ ಈ ರೊಟ್ಟಿ ಮೆಕ್ಕೆಜೋಳದ್ದು. ಸಂಪ್ರದಾಯದಂತೆ ನಡೆಯುವ ಗೃಹಿಣಿ ಒಣಕಾಳನ್ನು ನೇರವಾಗಿ ಬೀಸುವುದಿಲ್ಲ. ನೀರಿಗೆ ಸ್ವಲ್ಪ ಸುಣ್ಣವನ್ನು (ನಾವು ವೀಳ್ಯದೆಲೆಗೆ ಹಚ್ಚುವ ಸುಣ್ಣವೇ) ಬೆರೆಸಿ, ಅದರಲ್ಲಿ ಕಾಳನ್ನು ಬೇಯಿಸಿ, ರಾತ್ರಿಯೆಲ್ಲ ಹಾಗೆಯೇ ಬಿಡುತ್ತಾಳೆ. ಬೆಳಗ್ಗೆ ತೊಳೆಯುವಾಗ ಸಿಪ್ಪೆ ಕಳಚಿ ಬರುತ್ತದೆ. ಅನಂತರ ಕಲ್ಲಿನ ಮೇಲೆ ಅರೆದು, ತಟ್ಟಿ, ಹೆಂಚಿನ ಮೇಲೆ ಸುಡುತ್ತಾಳೆ. ಸುಣ್ಣದ ಕ್ಷಾರದಿಂದ ಸಿಪ್ಪೆ ಸಡಿಲವಾಗುವುದಲ್ಲದೆ ಹಿಟ್ಟಿಗೆ ಅಂಟೂ ಬರುತ್ತದೆ. ಮೆಕ್ಕೆಜೋಳದ ಬರಿಯ ಹಿಟ್ಟಿನಿಂದ ರೊಟ್ಟಿ ತಟ್ಟಲು ಹೋದವರಿಗೆ ಅದು ಹೇಗೆ ಬಿರಿಯುತ್ತದೆಂಬುದನ್ನು ನಾವು ಹೇಳಬೇಕಾಗಿಲ್ಲ!

ಇದು ಕಣ್ಣಿಗೆ ಕಾಣುವ ಲಾಭ. ಕಾಣದ ಲಾಭವೊಂದುಂಟು. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ತ್ವವು ಬಹುಮಟ್ಟಿಗೆ ಇತರ ಅಣುಗಳಿಗೆ ಕಟ್ಟುಬಿದ್ದು ದೇಹಕ್ಕೆ ದಕ್ಕದಂತಿರುತ್ತದೆ; ಸುಣ್ಣದ ನೀರು ಆ ಕಟ್ಟನ್ನು ಬಿಡಿಸುತ್ತದೆ.

ಕೊಲಂಬಸನ ಯಾನಗಳ ತರುವಾಯ ಕಾಳು ಯೂರೋಪಿಗೆ ಹೋಯಿತು, ಸುಣ್ಣದ ಕ್ರಮ ಹೋಗಲಿಲ್ಲ. ನೀರಿನ ಗಿರಣಿಗಳಿದ್ದ ಜನರಿಗೆ ಅದು ವ್ಯರ್ಥ ಶ್ರಮವಾಗಿ ಕಂಡಿರಬೇಕು. ಉತ್ತರ ಇಟಲಿಯ ಬಡ ರೈತರು ಮೆಕ್ಕೆಜೋಳದ ಹಿಟ್ಟನ್ನು ಕುದಿಸಿದ ಪೊಲೆಂಟಾವನ್ನೇ ಉಂಡು ಬದುಕಿದರು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಒಂದು ವಿಚಿತ್ರ ವ್ಯಾಧಿಯನ್ನು ವರ್ಣಿಸಿದನು. ಬಿಸಿಲು ತಗುಲಿದ ಚರ್ಮ ಒಡೆಯುವುದು, ಭೇದಿಯಾಗುವುದು, ಬುದ್ಧಿ ಕೆಡುವುದು, ಕೊನೆಗೆ ಸಾವು. ಇಟಲಿಯವರು ಇದನ್ನು ಪೆಲಾಗ್ರ ಎಂದರು. ಒರಟು ಚರ್ಮವೆಂದು ಅರ್ಥ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಅಮೆರಿಕದ ದಕ್ಷಿಣ ಸಂಸ್ಥಾನಗಳ ಬಡವರನ್ನು ಸಾವಿರಗಟ್ಟಲೆ ಬಲಿ ತೆಗೆದುಕೊಂಡಿತು. ಅಂಟುರೋಗವೆಂದೇ ಅನೇಕರ ನಂಬಿಕೆ. 1914ರಲ್ಲಿ ಶೋಧನೆಗೆ ತೊಡಗಿದ ಜೋಸೆಫ್ ಗೋಲ್ಡ್‌ಬರ್ಗರ್, ಆಶ್ರಮವಾಸಿಗಳಿಗೆ ಬರುವ ರೋಗ ಅವರ ಪರಿಚಾರಕರಿಗೆ ಬಾರದಿರುವುದನ್ನು ಗಮನಿಸಿ, ದೋಷ ಊಟದಲ್ಲಿದೆಯೆಂದು ತೋರಿಸಿದನು. ಕೊರತೆಯಾದ ವಸ್ತು ಯಾವುದೆಂಬುದು 1937ರಲ್ಲಿ ಕಾನ್ರಾಡ್ ಎಲ್ವೆಹೆಮ್‌ನ ಪ್ರಯೋಗಗಳಿಂದ ಗೊತ್ತಾಯಿತು. ಗೋಲ್ಡ್‌ಬರ್ಗರ್ 1929ರಲ್ಲಿಯೇ ತೀರಿಕೊಂಡಿದ್ದನು.

ಸುಣ್ಣವೊಂದೇ ಮೆಕ್ಸಿಕೋದವರನ್ನು ಕಾಪಾಡಿತೆನ್ನುವುದು ಅತಿಶಯೋಕ್ತಿ; ಅವರ ರೊಟ್ಟಿಯ ಜೊತೆಗೆ ಅವರೆಯ ಜಾತಿಯ ಕಾಳುಗಳೂ ಇದ್ದವು. ಪ್ರಾಚೀನರು ಜೀವಸತ್ತ್ವಗಳನ್ನು ಬಲ್ಲವರಾಗಿದ್ದರೆಂದು ಹೆಮ್ಮೆಪಡುವವರ ಪಂಗಡಕ್ಕೂ ನಾವು ಸೇರಿದವರಲ್ಲ. ಪ್ರಾಯಶಃ ಸಿಪ್ಪೆ ಸುಲಭವಾಗಿ ಬಿಡುವುದೆಂದೇ ಅವರು ಸುಣ್ಣ ಹಾಕಿದರು. ಆದರೆ ಒಂದು ಕ್ರಮದ ಕಾರಣ ನಮಗೆ ಕಾಣದಿದ್ದರೆ ಕಾರಣವೇ ಇಲ್ಲವೆನ್ನಲು ನಮಗೇನು ಅಧಿಕಾರ? ಅದನ್ನು ಬಿಡಬೇಕೆನ್ನುವವನೇ ಮೊದಲು ಪರೀಕ್ಷಿಸಿ ತೋರಿಸಬೇಕು. ಇಂದು ಹೊರನಾಡಿನ ತಿನಿಸುಗಳು ನಮ್ಮಲ್ಲಿ ಬಳಕೆಗೆ ಬರುತ್ತಿವೆ. ನಮ್ಮವು ಹೊರಗೆ ಹೋಗುತ್ತಿವೆ. ಪಾಕಪುಸ್ತಕಗಳಲ್ಲಿ ಸಾಮಗ್ರಿಯ ತೂಕಕ್ಕಿರುವ ಸ್ಥಳ, ನೆನೆಹಾಕುವ ಹೊತ್ತಿಗೂ ಚೆಲ್ಲುವ ನೀರಿಗೂ ಇರಬೇಕು.

ಪರೀಕ್ಷೆ ಕಷ್ಟವಲ್ಲ. 100 ಗ್ರಾಂ ಒಣ ಮೆಕ್ಕೆಜೋಳಕ್ಕೆ 1 ಗ್ರಾಂ ಸುಣ್ಣ ಸಾಕು. ಇನ್ನೊಂದು ಪಾತ್ರೆಯಲ್ಲಿ ಅಷ್ಟೇ ಕಾಳನ್ನು ಬರಿಯ ನೀರಿನಲ್ಲಿ ಬೇಯಿಸಿ. ಸುಣ್ಣ ಕಣ್ಣಿಗೆ ತಗುಲದಂತೆ ಎಚ್ಚರವಿರಲಿ. ಬೆಳಗ್ಗೆ ಎರಡನ್ನೂ ಚೆನ್ನಾಗಿ ತೊಳೆದು, ಬೆರಳುಗಳ ನಡುವೆ ಉಜ್ಜಿ ನೋಡಿ.